ಓದಿಗೊಂದು ದಿನ, ಪುಸ್ತಕಕ್ಕೊಂದು ಮಾತು

ಹಿರೀಸಾವೆ ಹಾಸನ ಜಿಲ್ಲೆಯ ಚನ್ನರಾಯಪಟ್ಟಣ ತಾಲ್ಲೂಕಿನ ಹೋಬಳಿ ಕೇಂದ್ರ. ಬೆಂಗಳೂರು–ಮಂಗಳೂರು ಹೆದ್ದಾರಿಯ ಮೇಲಿರುವ ಊರು. ಇಂಥ ಊರಿನ ಸಾರ್ವಜನಿಕ ಗ್ರಂಥಾಲಯವೆಂದರೆ ಮನಸ್ಸಿಗೆ ಬರುವುದು ಒಂದು ಕೋಣೆ, ಕೆಲವು ಬೀರು ಪುಸ್ತಕ, ಮೇಜಿನ ಮೇಲೆ ದಿನಪತ್ರಿಕೆ, ಬಾಗಿಲು ತೆಗೆದು ಹಾಕುವ ಒಬ್ಬ ಮೇಲ್ವಿಚಾರಕ. ಬರುವ ತಿಂಗಳು ಇಲ್ಲಿ ಯಾವ ಕಾರ್ಯಕ್ರಮವಿದೆ, ಈ ವಾರ ಯಾವ ಪುಸ್ತಕ ಓದಬಹುದು ಎಂದು ಬರೆದು ಹಾಕಿದ ಫಲಕ ಆ ಚಿತ್ರದಲ್ಲಿ ಇರುವುದಿಲ್ಲ. ಅದು ನಗರದವರ ರೂಢಿ, ಹಳ್ಳಿಗೆ ಪುಸ್ತಕ ಸಿಕ್ಕರೆ ಸಾಕು ಎಂಬ ಭಾವನೆ ಆಡಳಿತದಲ್ಲೂ ಓದುಗರಲ್ಲೂ ಬೇರೂರಿದೆ. ಈ ಸೀಮೆಯ ಓದಿನ ಚರಿತ್ರೆ ಬೇರೆಯದನ್ನೇ ಹೇಳುತ್ತದೆ. ಇಲ್ಲಿ ಪುಸ್ತಕ ಜನರನ್ನು ಮುಟ್ಟಿದ್ದು ಗೊತ್ತಾದ ಒಂದು ದಿನದಿಂದ ಮತ್ತು ತಿಳಿದವರ ಒಂದು ಮಾತಿನಿಂದ. ಬೀರು, ಕೋಣೆ, ಸದಸ್ಯತ್ವದ ಚೀಟಿ ಇವೆಲ್ಲ ಆಮೇಲೆ ಬಂದವು. ಆದ್ದರಿಂದ ಕಾರ್ಯಕ್ರಮವೂ ಪುಸ್ತಕದ ಶಿಫಾರಸೂ ಹಳ್ಳಿಯ ಗ್ರಂಥಾಲಯಕ್ಕೆ ಮೇಲಿನ ಅಲಂಕಾರವಲ್ಲ, ಅದರ ಅರ್ಧ ಜೀವ. ಆ ಅರ್ಧವನ್ನು ನಾವು ಕಳೆದ ಅರವತ್ತು ವರ್ಷಗಳಲ್ಲಿ ಬಿಟ್ಟುಕೊಟ್ಟಿದ್ದೇವೆ ಎಂಬುದು ನನ್ನ ವಾದ.

ಮೊದಲ ಸಾಕ್ಷಿ ಅದೇ ತಾಲ್ಲೂಕಿನ ಶ್ರವಣಬೆಳಗೊಳ. ಐನೂರಕ್ಕೂ ಹೆಚ್ಚು ಶಾಸನಗಳಿರುವ ಆ ಕ್ಷೇತ್ರದಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನೇ 978ರಲ್ಲಿ ಕನ್ನಡ ಗದ್ಯದಲ್ಲಿ ಪುರಾಣ ಬರೆದವನು. ಜೈನರು ಎಣಿಸುವ ನಾಲ್ಕು ದಾನಗಳಲ್ಲಿ ಆಹಾರ, ಅಭಯ, ಔಷಧಗಳ ಜೊತೆಗೆ ಶಾಸ್ತ್ರವೂ ಒಂದು. ಪುಸ್ತಕವನ್ನು ಪ್ರತಿ ಮಾಡಿಸಿ ಹಂಚುವುದು ಹಸಿದವನಿಗೆ ಅನ್ನ ಕೊಟ್ಟಷ್ಟೇ ಪುಣ್ಯ. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದಳೆಂದು ಪರಂಪರೆ ನೆನೆಯುವುದು ಈ ನಂಬಿಕೆಯ ಬಲದಿಂದ. ಅವಳು ಮಾಡಿದ್ದನ್ನು ಸರಿಯಾಗಿ ನೋಡಬೇಕು. ಅವಳು ಸಾವಿರ ಬೇರೆ ಬೇರೆ ಗ್ರಂಥಗಳನ್ನು ಒಂದೆಡೆ ಕೂಡಿಡಲಿಲ್ಲ. ಒಂದೇ ಗ್ರಂಥವನ್ನು ಆರಿಸಿ, ಇದನ್ನು ಓದಿ ಎಂದು ಸಾವಿರ ಕಡೆಗೆ ಕಳಿಸಿದಳು. ಇನ್ನು ಜ್ಯೇಷ್ಠ ಶುದ್ಧ ಪಂಚಮಿ, ಅಂದರೆ ಶ್ರುತಪಂಚಮಿ, ದಿಗಂಬರ ಜೈನರಲ್ಲಿ ಶಾಸ್ತ್ರಪೂಜೆಯ ದಿನ. ಓಲೆಗರಿಯ ಕಟ್ಟುಗಳನ್ನು ಹೊರಗೆ ತೆಗೆದು, ಧೂಳು ಒರೆಸಿ, ಹೊಸ ಬಟ್ಟೆ ಸುತ್ತಿ, ಪೂಜಿಸಿ ಓದುವ ದಿನ. ಮಠದ ಗ್ರಂಥಭಂಡಾರಕ್ಕೆ ವರ್ಷದಲ್ಲಿ ಗೊತ್ತಾದ ಒಂದು ದಿನವಿತ್ತು. ಆ ದಿನಕ್ಕಾಗಿ ಜನ ಕಾದಿರುತ್ತಿದ್ದರು.

ಎರಡನೆಯ ಸಾಕ್ಷಿ ಮಠದ ಆಚೆಗಿನದು. ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಕುಮಾರವ್ಯಾಸ ಭಾರತ, ಜೈಮಿನಿ ಭಾರತಗಳು ಉಳಿದದ್ದು ಮನೆಮನೆಯ ಕಪಾಟಿನಲ್ಲಲ್ಲ. ಚಾವಡಿಯಲ್ಲಿ, ಗುಡಿಯ ಜಗಲಿಯಲ್ಲಿ. ಮಳೆ ಹಿಂದೆಗೆದರೆ ವಿರಾಟಪರ್ವ ಓದಿಸಬೇಕೆಂಬ ನಂಬಿಕೆಯಿತ್ತು. ಯಾವಾಗ, ಎಲ್ಲಿ, ಯಾವ ಪರ್ವ ಎಂಬುದು ಮೊದಲೇ ಊರಿಗೆ ಗೊತ್ತಾಗುತ್ತಿತ್ತು. ಜನ ಕೆಲಸ ಮುಗಿಸಿ, ಉಂಡು, ರಾತ್ರಿ ಬಂದು ಕೂರುತ್ತಿದ್ದರು. ಓದುವವರು ಇಬ್ಬರು ಎಂಬುದು ಇಲ್ಲಿ ಮುಖ್ಯ. ಒಬ್ಬರು ರಾಗವಾಗಿ ಪದ್ಯ ವಾಚಿಸಿದರೆ ಇನ್ನೊಬ್ಬರು ವ್ಯಾಖ್ಯಾನ ಹೇಳುತ್ತಿದ್ದರು. ಅರ್ಥ ಬಿಡಿಸಿ, ಊರಿನ ಮಾತಿಗೆ ತಂದು, ಈ ಪದ್ಯವನ್ನು ಏಕೆ ಗಮನಿಸಬೇಕು ಎಂದು ತೋರಿಸುವ ಹೊಣೆ ವ್ಯಾಖ್ಯಾನಕಾರರದು. ಅಕ್ಷರ ಬಾರದವರಿಗೂ ಕಾವ್ಯದ ಸಾಲುಗಳು ಬಾಯಿಗೆ ಬಂದದ್ದು ಈ ಇಬ್ಬರ ಜೋಡಿಯಿಂದ.

ಇದಕ್ಕೆ ಬಲವಾದ ಆಕ್ಷೇಪವೊಂದಿದೆ, ಅದನ್ನು ತೇಲಿಸಿಬಿಡಲಾಗದು. ಓಲೆಗರಿಯನ್ನು ಕೈಯಲ್ಲಿ ಹಿಡಿದು ಓದುವ ಅವಕಾಶ ಕೆಲವೇ ಮನೆತನಗಳಿಗಿತ್ತು. ಚಾವಡಿಯಲ್ಲಿ ಯಾರು ಎಲ್ಲಿ ಕೂರಬೇಕೆಂಬುದನ್ನು ಜಾತಿ ಗೊತ್ತುಮಾಡುತ್ತಿತ್ತು. ದಲಿತ ಕೇರಿಯವರು ದೂರ ನಿಂತು ಕೇಳಬೇಕಾಗಿತ್ತು, ಇಲ್ಲವೇ ಕೇಳುವಂತೆಯೇ ಇರಲಿಲ್ಲ. ಓದಬೇಕಾದ್ದು ಯಾವುದು ಎಂದು ಹೇಳುವ ಬಾಯಿಗಳೂ ಕೆಲವೇ. ಹಾಗಿದ್ದಮೇಲೆ ಈ ಪರಂಪರೆಯನ್ನು ಮಾದರಿಯೆನ್ನುವುದು ಹೇಗೆ? ಉತ್ತರ ಇಷ್ಟು: ಆ ಕಾಲದ ಅನ್ಯಾಯ ಇದ್ದದ್ದು ಬಾಗಿಲಲ್ಲಿ, ದಿನ ಗೊತ್ತುಮಾಡಿ ಓದಿ ಹೇಳುವ ಪದ್ಧತಿಯಲ್ಲಲ್ಲ. ಸಾರ್ವಜನಿಕ ಗ್ರಂಥಾಲಯದ ದೊಡ್ಡತನವೆಂದರೆ ಆ ಬಾಗಿಲನ್ನು ತೆರೆದದ್ದು. ಅಲ್ಲಿ ಒಳಗೆ ಬರಲು ಕುಲ ಕೇಳುವುದಿಲ್ಲ, ಹಣ ಕೇಳುವುದಿಲ್ಲ. ಆದರೆ ಬಾಗಿಲು ತೆರೆದ ಗಳಿಗೆಯಲ್ಲೇ ಒಳಗಿನ ದನಿಯನ್ನು ನಿಲ್ಲಿಸಿಬಿಟ್ಟರೆ, ಹಿಂದೆ ಹೊರಗುಳಿದಿದ್ದವರಿಗೆ ಸಿಕ್ಕಿದ್ದು ಅರ್ಧ ಮಾತ್ರ. ಮನೆಯಲ್ಲಿ ಪುಸ್ತಕದ ಮಾತು ಆಡುವವರಿದ್ದ ಹುಡುಗನಿಗೆ ಮೌನದ ಕೋಣೆ ಸಾಕಾದೀತು. ಮೊದಲ ತಲೆಮಾರಿನ ಓದುಗನಿಗೆ ಯಾವ ಪುಸ್ತಕ ಎಲ್ಲಿಂದ ಹಿಡಿಯಬೇಕೆಂದು ಹೇಳುವವರು ಬೇಕು. ಸಮಾನತೆಯ ದೃಷ್ಟಿಯಿಂದಲೇ ಶಿಫಾರಸು ಅಗತ್ಯ.

ಇಪ್ಪತ್ತನೆಯ ಶತಮಾನದ ಮೊದಲರ್ಧ ಇದನ್ನು ಅರಿತಿತ್ತು. 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟಿತು. ಅದೇ ಹೊತ್ತಿಗೆ ಬೆಂಗಳೂರಿನ ಕಬ್ಬನ್ ಪಾರ್ಕಿನ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದಲ್ಲಿ ಸಾರ್ವಜನಿಕ ಗ್ರಂಥಾಲಯ ನೆಲೆಗೊಂಡಿತು. 1916ರಲ್ಲಿ ಆರಂಭವಾದ ಮೈಸೂರು ವಿಶ್ವವಿದ್ಯಾನಿಲಯ ಸ್ವಾತಂತ್ರ್ಯಕ್ಕೆ ಮೊದಲೇ ಪ್ರಚಾರೋಪನ್ಯಾಸಗಳನ್ನು ಶುರುಮಾಡಿತು. ಪ್ರಾಧ್ಯಾಪಕರು ಊರೂರಿಗೆ ಹೋಗಿ ಕನ್ನಡದಲ್ಲಿ ಮಾತಾಡಿದರು. ಆ ಮಾತು ಆಮೇಲೆ ಚಿಕ್ಕ ಪುಸ್ತಕವಾಗಿ ಅಗ್ಗದ ಬೆಲೆಗೆ ಸಿಕ್ಕಿತು. ಕುವೆಂಪು ಕುಲಪತಿಗಳಾಗಿದ್ದ 1956–60ರಲ್ಲಿ ವಿಶ್ವವಿದ್ಯಾನಿಲಯದ ಪ್ರಸಾರಾಂಗದ ಈ ಕೆಲಸಕ್ಕೆ ಹೊಸ ಹುರುಪು ಬಂತು. ವಯಸ್ಕರ ಶಿಕ್ಷಣ ಸಮಿತಿಯು ಹಳ್ಳಿಗಳಲ್ಲಿ ವಾಚನಾಲಯಗಳನ್ನು ತೆರೆಯುವುದರ ಜೊತೆಗೆ ಹೊಸದಾಗಿ ಅಕ್ಷರ ಕಲಿತವರಿಗಾಗಿ ‘ಬೆಳಕು’ ವಾರಪತ್ರಿಕೆಯನ್ನು ಹೊರತಂದಿತು. 1951ರಲ್ಲಿ ದೇಶದ ಸಾಕ್ಷರತೆ ಶೇ 18ರ ಆಸುಪಾಸಿನಲ್ಲಿತ್ತು. ಅಂಥ ಕಾಲದಲ್ಲಿ ಪುಸ್ತಕವನ್ನು ಸುಮ್ಮನೆ ಇಟ್ಟು ಬಂದರೆ ಓದುಗ ಹುಟ್ಟುವುದಿಲ್ಲವೆಂದು ಈ ಸಂಸ್ಥೆಗಳಿಗೆ ತಿಳಿದಿತ್ತು. ಮೊದಲು ಉಪನ್ಯಾಸ, ಆಮೇಲೆ ಹೊತ್ತಗೆ ಎಂಬ ಕ್ರಮ ವಾಚನ–ವ್ಯಾಖ್ಯಾನದ ಹಳೆಯ ಕ್ರಮವೇ. ಈಗ ಅದು ಎಲ್ಲರಿಗೂ ತೆರೆದಿತ್ತು.

ಆಮೇಲೆ ಬಂದದ್ದು 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆ. 1966ರ ನವೆಂಬರ್ 1ರಿಂದ ಜಾರಿಯಾದ ಈ ಕಾನೂನು ಕೊಟ್ಟದ್ದು ಚಿಕ್ಕದಲ್ಲ: ಪ್ರತ್ಯೇಕ ಇಲಾಖೆ, ಜಿಲ್ಲೆಗೊಂದು ಪ್ರಾಧಿಕಾರ, ಆಸ್ತಿ ತೆರಿಗೆಯ ಮೇಲೆ ಗ್ರಂಥಾಲಯ ಕರ. ಇಂದು ಆ ಕರ ನೂರಕ್ಕೆ ಆರು ರೂಪಾಯಿ. ದಾನಿಯ ಮರ್ಜಿಯ ಮೇಲಿದ್ದ ಗ್ರಂಥಾಲಯ ನಾಗರಿಕನ ಹಕ್ಕಾಯಿತು. ಇದರ ಹಿಂದೆ ಎಸ್. ಆರ್. ರಂಗನಾಥನ್ ಅವರ ಚಿಂತನೆಯಿತ್ತು. 1962ರಲ್ಲಿ ಬೆಂಗಳೂರಿನಲ್ಲಿ ದಾಖಲೀಕರಣ ಸಂಶೋಧನಾ ಕೇಂದ್ರ ಕಟ್ಟಿ, 1972ರಲ್ಲಿ ಅದೇ ನಗರದಲ್ಲಿ ಕೊನೆಯುಸಿರೆಳೆದವರು ಅವರು. 1931ರಲ್ಲಿ ಅವರು ಪ್ರಕಟಿಸಿದ ಐದು ಸೂತ್ರಗಳಲ್ಲಿ ಎರಡು ಈ ವಾದಕ್ಕೆ ನೇರವಾಗಿ ಸೇರಿದವು: ಪ್ರತಿಯೊಬ್ಬ ಓದುಗನಿಗೂ ಅವನ ಪುಸ್ತಕವಿದೆ, ಪ್ರತಿ ಪುಸ್ತಕಕ್ಕೂ ಅದರ ಓದುಗನಿದ್ದಾನೆ. ಇಬ್ಬರನ್ನೂ ಕೂಡಿಸುವವನೇ ಗ್ರಂಥಪಾಲಕ ಎಂಬುದು ಅವರ ನಿಲುವು. ಕಾನೂನು ಜಾರಿಯಾದ ಬಗೆಯಲ್ಲಿ ಈ ಕೂಡಿಸುವ ಕೆಲಸ ಹಿಂದೆ ಬಿತ್ತು. ಪುಸ್ತಕದ ಆಯ್ಕೆ ರಾಜ್ಯಮಟ್ಟದ ಸಮಿತಿಗೆ ಹೋಯಿತು, ಸಗಟು ಖರೀದಿಯ ಕಟ್ಟುಗಳು ಊರಿಗೆ ಬಂದವು, ಲೆಕ್ಕಕ್ಕೆ ಸಿಗುವುದು ಪುಸ್ತಕಗಳ ಸಂಖ್ಯೆಯೊಂದೇ ಆಯಿತು.

ನೆರೆಯ ಕೇರಳದ ಹಾದಿ ಇದಕ್ಕೆ ತಿರುಗುಮುರುಗು. ಅಲ್ಲಿ ಪಿ. ಎನ್. ಪಣಿಕ್ಕರ್ 1945ರಲ್ಲಿ ಊರ ಗ್ರಂಥಾಲಯಗಳ ಸಂಘ ಕಟ್ಟಿದರು. ಕಾನೂನು ಬಂದದ್ದು 1989ರಲ್ಲಿ. ಚಳವಳಿ ಮೊದಲು ಹುಟ್ಟಿದ್ದರಿಂದ ಅಲ್ಲಿನ ಗ್ರಂಥಾಲಯ ಚರ್ಚೆ, ನಾಟಕ, ಓದಿನ ಕೂಟಗಳ ಜಾಗವಾಗಿ ಬೆಳೆಯಿತು. ಪಣಿಕ್ಕರ್ ತೀರಿಕೊಂಡ ಜೂನ್ 19 ಅಲ್ಲಿ ಓದಿನ ದಿನವಾಗಿದೆ. ನಮ್ಮಲ್ಲಿ ಹಣದ ಭದ್ರತೆ ಮೊದಲು ಬಂತು, ಊರಿನ ಒಡೆತನ ಹಿಂದೆ ಉಳಿಯಿತು. ನಮ್ಮ ಕಾನೂನು ತಪ್ಪೆಂದು ಇದರ ಅರ್ಥವಲ್ಲ. ಹಣವಿಲ್ಲದ ಉತ್ಸಾಹ ಬೇಗ ಬತ್ತುತ್ತದೆ. ಆದರೆ ಕಾನೂನು ಕೊಡಲಾಗದ್ದನ್ನು ಊರೇ ಕೊಡಬೇಕಾಗುತ್ತದೆ.

ಇಂದಿನ ಆಕ್ಷೇಪಗಳು ಬೇರೆ ಬಗೆಯವು. ಹಳ್ಳಿಯ ಗ್ರಂಥಾಲಯಕ್ಕೆ ಬರುವವರಲ್ಲಿ ಬಹಳ ಮಂದಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು. ಅವರಿಗೆ ಬೇಕಾದ್ದು ಮೌನ, ಕಾರ್ಯಕ್ರಮವೆಂದರೆ ಗದ್ದಲ ಎನ್ನುತ್ತಾರೆ. ಆ ಮೌನ ಅವರ ಹಕ್ಕು, ಮನೆಯಲ್ಲಿ ಅದು ಸಿಗದವರಿಗಂತೂ ದೊಡ್ಡ ಆಸರೆ. ಆದರೆ ವಾರದಲ್ಲಿ ಒಂದು ಸಂಜೆಯ ಒಂದು ಗಂಟೆ ಕಾರ್ಯಕ್ರಮಕ್ಕೆ ಮೀಸಲಾದರೆ ಉಳಿದ ಹೊತ್ತಿನ ಮೌನಕ್ಕೆ ಕುಂದಿಲ್ಲ. ದಿನ ಮೊದಲೇ ಗೊತ್ತಾದರೆ ಯಾರಿಗೂ ತೊಂದರೆಯಿಲ್ಲ. ಮೊಬೈಲಿನಲ್ಲೇ ಎಲ್ಲವೂ ಸಿಗುವಾಗ ಶಿಫಾರಸು ಯಾಕೆ ಎಂಬುದು ಇನ್ನೊಂದು ಮಾತು. ಮೊಬೈಲೂ ಶಿಫಾರಸು ಮಾಡುತ್ತದೆ, ಆದರೆ ನಿನ್ನೆ ನೋಡಿದ್ದರಂಥದ್ದನ್ನೇ ಇಂದೂ ಮುಂದಿಡುತ್ತದೆ; ಓದುಗನಿಗೆ ಗೊತ್ತೇ ಇಲ್ಲದ ಪುಸ್ತಕವನ್ನು ಅವನ ಒಳಿತಿಗಾಗಿ ಎತ್ತಿಕೊಡುವುದು ಅವನನ್ನು ಬಲ್ಲ ಮನುಷ್ಯರ ಕೆಲಸ. ಇನ್ನು ಶಿಫಾರಸು ಮಾಡುವವರ ರುಚಿಯೇ ಊರಿನ ಮೇಲೆ ಹೇರಿಕೆಯಾಗದೇ ಎಂಬ ಅಂಜಿಕೆ ನ್ಯಾಯವಾದದ್ದು. ಅದಕ್ಕೆ ಮದ್ದು ಶಿಫಾರಸನ್ನು ನಿಲ್ಲಿಸುವುದಲ್ಲ, ಬಾಯಿಗಳನ್ನು ಹೆಚ್ಚಿಸುವುದು. ಈ ತಿಂಗಳ ಪಟ್ಟಿ ಮೇಷ್ಟ್ರದಾದರೆ ಮುಂದಿನದು ಅಂಗನವಾಡಿ ಕಾರ್ಯಕರ್ತೆಯದು, ಅದರಾಚಿನದು ತೆಂಗು ಬೆಳೆಗಾರರದು, ಮತ್ತೊಂದು ಪಿಯುಸಿ ಹುಡುಗಿಯದು. ಪಟ್ಟಿಯ ಕೆಳಗೆ ಹೆಸರಿರಬೇಕು, ಏಕೆ ಓದಬೇಕೆಂಬ ಎರಡು ಸಾಲಿರಬೇಕು.

ಹಿರೀಸಾವೆಯಂಥ ಊರಿಗೆ ಈ ಪಟ್ಟಿ ಮಾಡಲು ದೂರ ಹೋಗಬೇಕಿಲ್ಲ. ಎಸ್. ಎಲ್. ಭೈರಪ್ಪನವರ ಸಂತೇಶಿವರ ಇದೇ ತಾಲ್ಲೂಕಿನದು. ‘ಗೃಹಭಂಗ’ದ ಪ್ಲೇಗು, ಬಡತನ, ಶ್ಯಾನುಭೋಗಿಕೆಯ ಜಗಳಗಳು ಈ ನೆಲದವೇ. ಹೇಮಾವತಿಯ ದಡದ ಗೊರೂರು ರಾಮಸ್ವಾಮಿ ಅಯ್ಯಂಗಾರರ ‘ಹಳ್ಳಿಯ ಚಿತ್ರಗಳು’ ಇದೇ ಜಿಲ್ಲೆಯ ಬದುಕು. ಹಾಸನದ ಬಾನು ಮುಷ್ತಾಕರ ಕತೆಗಳು ದೀಪಾ ಭಾಸ್ತಿಯವರ ಅನುವಾದದಲ್ಲಿ 2025ರ ಅಂತರರಾಷ್ಟ್ರೀಯ ಬೂಕರ್ ಪಡೆದವು. ಅವನ್ನು ಕನ್ನಡದಲ್ಲೇ ಓದುವ ಭಾಗ್ಯ ಇಲ್ಲಿಯವರದು. ಪಕ್ಕದ ಕೃಷ್ಣರಾಜಪೇಟೆ ತಾಲ್ಲೂಕಿನ ಕಿಕ್ಕೇರಿ ಕೆ. ಎಸ್. ನರಸಿಂಹಸ್ವಾಮಿಯವರ ಊರು. 1902ರಲ್ಲಿ ಬಿ. ಎಲ್. ರೈಸ್ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ ಐದನೆಯ ಸಂಪುಟದಲ್ಲಿ ಈ ಜಿಲ್ಲೆಯ ಊರುಗಳ ಶಾಸನಗಳಿವೆ. ಬಲ್ಲವರೊಬ್ಬರು ಕುಳಿತು ಒಂದು ಸಂಜೆ ಅವನ್ನು ಓದಿ ಅರ್ಥ ಹೇಳಿದರೆ ಅದು ವಾಚನವೂ ಹೌದು, ವ್ಯಾಖ್ಯಾನವೂ ಹೌದು. ದಿನಗಳಿಗೂ ಕೊರತೆಯಿಲ್ಲ. ಜನವರಿಯಲ್ಲಿ ಬೂಕನಬೆಟ್ಟದ ದನಗಳ ಜಾತ್ರೆ ಸೇರುವಾಗ ಹಳ್ಳಿಕಾರ್ ತಳಿಯ ಮೇಲಿನ ಓದು, ಮುಂಗಾರಿನ ಹೊತ್ತಿಗೆ ಗಮಕ, ಆಗಸ್ಟ್ 12ರ ಗ್ರಂಥಪಾಲಕರ ದಿನ, ನವೆಂಬರ್ 14ರಿಂದ 20ರವರೆಗಿನ ಗ್ರಂಥಾಲಯ ಸಪ್ತಾಹ. ರೈತನ ವರ್ಷಕ್ಕೆ ಹೊಂದುವ ಓದಿನ ಪಂಚಾಂಗ ಇಷ್ಟರಲ್ಲೇ ಸಿದ್ಧವಾಗುತ್ತದೆ.

ಸರ್ಕಾರಕ್ಕೂ ಇದರ ಅರಿವು ಮರಳಿ ಬಂದಿದೆ. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಸೇರಿದವು. ಶಾಲೆಗಳು ಮುಚ್ಚಿದ್ದ 2020ರ ನವೆಂಬರಿನಲ್ಲಿ ಶುರುವಾದ ‘ಓದುವ ಬೆಳಕು’ ಮಕ್ಕಳನ್ನು ಉಚಿತ ಸದಸ್ಯರನ್ನಾಗಿ ಕರೆತಂದಿತು. ಈಗ ಅವು ಅರಿವು ಕೇಂದ್ರಗಳೂ ಆಗಿವೆ. ಈ ದಿಕ್ಕು ಸರಿಯಾದದ್ದು. ಆದರೆ ಕಾರ್ಯಕ್ರಮಗಳೆಲ್ಲ ಮೇಲಿನ ಸುತ್ತೋಲೆಯಿಂದಲೇ ಇಳಿದು ಬಂದರೆ ಅವು ಫೋಟೊ ತೆಗೆದು ವರದಿ ಕಳಿಸುವುದರಲ್ಲಿ ಮುಗಿಯುತ್ತವೆ. ಬಹುಕಾಲ ಅಲ್ಪ ಗೌರವಧನಕ್ಕೆ ದುಡಿದ ಮೇಲ್ವಿಚಾರಕರ ತಲೆಗೆ ಇನ್ನೊಂದು ಹೊರೆ ಏರಿಸುವುದೂ ಸಲ್ಲದು. ಕಾರ್ಯಕ್ರಮದ ಗಂಟೆಗಳನ್ನು ಅವರ ದುಡಿಮೆಯ ಗಂಟೆಗಳಲ್ಲೇ ಸೇರಿಸಿ, ಊರಿನ ಓದುಗರ ಚಿಕ್ಕ ಸಮಿತಿಯೊಂದನ್ನು ಜೊತೆಗೆ ನಿಲ್ಲಿಸಿ, ಕರದ ಹಣದಲ್ಲಿ ಒಂದು ಪಾಲನ್ನು ಊರೇ ಆರಿಸಿದ ಪುಸ್ತಕಗಳಿಗೆ ಬಿಡಬೇಕು. ದಿನ ಗೊತ್ತುಮಾಡುವ, ಪುಸ್ತಕದ ಹೆಸರು ಹೇಳುವ ಅಧಿಕಾರ ಒಂದು ಕಾಲಕ್ಕೆ ಮಠದ್ದೂ ಚಾವಡಿಯ ಹಿರಿಯರದೂ ಆಗಿತ್ತು. ತೆರಿಗೆ ಕೊಡುವ ಪ್ರತಿ ಮನೆಗೂ ಆ ಅಧಿಕಾರ ಸಿಕ್ಕಾಗಲೇ ಗ್ರಂಥಾಲಯ ತನ್ನ ಹೆಸರಿನ ಮುಂದಿರುವ ‘ಸಾರ್ವಜನಿಕ’ ಎಂಬ ವಿಶೇಷಣಕ್ಕೆ ಪೂರ್ತಿ ತಕ್ಕದ್ದಾಗುತ್ತದೆ.