ಸ್ಟಾರ್ಟ್ ಆಗದ ಕಾರು ತಗೋಬೇಕೋ, ಬ್ಯಾಡೋ? ಹಳೇ ಗಾಡಿಗಳ ಹಿಂದಿನ ಕಥೆ

ಗುಳೇದಗುಡ್ಡದಲ್ಲಿ ನಮ್ಮ ಬಳಗದ ಗೆಳೆಯನ ಮನೆಯಲ್ಲಿ ಕೆಲವು ದಿನಗಳ ಹಿಂದೆ ಒಂದು ವಾದ ಎದ್ದಿತ್ತು. ಅವರದು ಖಣ ನೇಯುವ ಮನೆತನ. ಅವ್ವನನ್ನು ತಿಂಗಳಿಗೆ ಎರಡು ಸಲ ಬಾಗಲಕೋಟೆಯ ಆಸ್ಪತ್ರೆಗೆ ಕರೆದೊಯ್ಯಬೇಕು. ಬಸ್ಸಿನಲ್ಲಿ ನಿಂತು ಹೋಗುವ ಶಕ್ತಿ ಅವರಿಗಿಲ್ಲ. ಬಾಡಿಗೆ ಗಾಡಿ ಮಾಡಿದರೆ ಮಗ್ಗದ ವಾರದ ಕೂಲಿ ಅದಕ್ಕೇ ಹೋಗುತ್ತದೆ.

ಅಷ್ಟರಲ್ಲಿ ಪರಿಚಯದವರೊಬ್ಬರು 2004ರ ಮಾರುತಿ 800 ಕಾರನ್ನು 35,000 ರೂಪಾಯಿಗೆ ಕೊಡುತ್ತೇನೆ ಅಂದರು. ಗಾಡಿ ಎರಡು ವರ್ಷದಿಂದ ಬೇವಿನ ಗಿಡದ ಕೆಳಗೆ ನಿಂತಿದೆ. ಸೆಲ್ಫ್ ಹೊಡೆದರೆ 'ಟಕ್' ಅನ್ನುತ್ತದೆ, ಅಷ್ಟೇ.

"ಬ್ಯಾಟರಿ ಒಂದ ಹೋಗೇತ್ರೀ. ಹೊಸಾದು ಹಾಕಿದ್ರ ಕುದರಿ ಓಡಿದಂಗ ಓಡತೈತಿ" ಅಂದರು ಮಾರುವವರು.

ಗೆಳೆಯನ ಅಪ್ಪಾರಿಗೆ ಮನಸ್ಸಿತ್ತು. "ಗಾಡಿ ಅಂದಮ್ಯಾಲ ರಿಪೇರಿ ಇದ್ದದ್ದ. ಇಷ್ಟು ಕಡಿಮಿಗೆ ಮತ್ತ ಸಿಗಂಗಿಲ್ಲ, ತಗೊಳ್ಳೋಣು" ಅಂದರು. ಮಗನಿಗೆ ಅನುಮಾನ. ಅವನು ನಮ್ಮನ್ನು ಕೇಳಿದ. ನಮಗೂ ಉತ್ತರ ಗೊತ್ತಿರಲಿಲ್ಲ. ಹುಡುಕುತ್ತಾ ಹೋದಾಗ ಇತಿಹಾಸ ಕೈಗೆ ಸಿಕ್ಕಿತು. ಅಪ್ಪಾರ ಮಾತು ಒಂದು ಕಾಲಕ್ಕೆ ಸರಿಯಾಗಿಯೇ ಇತ್ತು. ಆದರೆ ಆ ಕಾಲ ಹೋಗಿದೆ.

ಎತ್ತಿನ ಹಲ್ಲು ನೋಡುತ್ತಿದ್ದವರು

ನಮ್ಮ ಕಡೆ 'ಗುಳೇದಗುಡ್ಡ ರೋಡ್' ಅಂತ ರೈಲು ನಿಲ್ದಾಣವಿದೆ. ಹೆಸರು ಊರಿನದು, ಆದರೆ ನಿಲ್ದಾಣ ಊರಿನಿಂದ ದೂರ. ಖಣದ ಗಂಟು ಪೇಟೆಗೆ ಹೋಗಬೇಕೆಂದರೂ, ನೂಲು ಊರಿಗೆ ಬರಬೇಕೆಂದರೂ ನಡುವೆ ಒಂದು ಗಾಡಿ ಬೇಕೇ ಬೇಕಿತ್ತು. ಮೊದಲು ಅದು ಎತ್ತಿನ ಬಂಡಿ.

ಎತ್ತು ಕೊಳ್ಳುವುದು ನಮ್ಮ ಹಿರಿಯರಿಗೆ ಒಂದು ವಿದ್ಯೆಯೇ ಆಗಿತ್ತು. ಬನಶಂಕರಿ ಜಾತ್ರೆಯ ದನದ ಸಂತೆಗೆ ಹೋದವರು ಮೊದಲು ಬಾಯಿ ತೆರೆಸಿ ಹಲ್ಲು ನೋಡುತ್ತಿದ್ದರು. ಎರಡು ಹಲ್ಲೋ, ನಾಲ್ಕೋ, ಬಾಯಿಗೂಡಿದ್ದೋ ಎಂದು ಎಣಿಸಿ ವಯಸ್ಸು ಹೇಳುತ್ತಿದ್ದರು. ಸುಳಿ ನೋಡುತ್ತಿದ್ದರು. ಹತ್ತು ಹೆಜ್ಜೆ ನಡೆಸಿ ಕುಂಟುತ್ತದೆಯೇ ಎಂದು ನೋಡುತ್ತಿದ್ದರು. ಆಮೇಲೆ ಟವೆಲ್ಲಿನ ಕೆಳಗೆ ಬೆರಳು ಹಿಡಿದು ವ್ಯವಹಾರ. ಎದ್ದು ನಿಲ್ಲದ ಎತ್ತನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಯಾರೂ ಹೊಡೆದುಕೊಂಡು ಬರುತ್ತಿರಲಿಲ್ಲ.

ಹಾಗಾದರೆ ಎದ್ದು ನಿಲ್ಲದ ಕಾರಿಗೆ ಯಾಕೆ ಮನಸ್ಸು ಮಾಡುತ್ತೇವೆ?

ಹ್ಯಾಂಡಲ್ ಕಾಲ, ಅಭಾವದ ಕಾಲ

ಮೊದಲಿನ ಕಾರುಗಳನ್ನು ಸ್ಟಾರ್ಟ್ ಮಾಡುವುದೇ ಒಂದು ಸಾಹಸ. ಮುಂದೆ ಕಬ್ಬಿಣದ ಹ್ಯಾಂಡಲ್ ಹಾಕಿ ತಿರುಗಿಸಬೇಕು. ಎಂಜಿನ್ ತಿರುಗಿ ಒದ್ದರೆ ಮುಂಗೈ ಮುರಿಯುತ್ತಿತ್ತು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಎಂಬ ಎಂಜಿನಿಯರ್ ಮಾಡಿದ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರಿನಲ್ಲಿ ಬಂತು. ಇವತ್ತು ನಾವು 'ಸೆಲ್ಫ್' ಅನ್ನುವುದು ಅದನ್ನೇ. ಆದರೂ ನಮ್ಮ ದೇಶದ ಅಂಬಾಸಿಡರ್, ಜೀಪುಗಳಲ್ಲಿ ಹ್ಯಾಂಡಲ್ ಬಹಳ ವರ್ಷ ಉಳಿಯಿತು. ಸೆಲ್ಫ್ ಕೈಕೊಟ್ಟರೆ ಹ್ಯಾಂಡಲ್, ಅದೂ ಆಗದಿದ್ದರೆ ನಾಲ್ಕು ಮಂದಿಯ ಧಕ್ಕಾ. 'ಸ್ಟಾರ್ಟ್ ಆಗೋದಿಲ್ಲ' ಅನ್ನುವುದು ಆಗ ಗಾಡಿಯ ಸಾವಲ್ಲ, ದಿನದ ನೆಗಡಿ ಇದ್ದಂತೆ.

ಇನ್ನೊಂದು ಕಾರಣ ಇದಕ್ಕಿಂತ ದೊಡ್ಡದು. ಸ್ವಾತಂತ್ರ್ಯದ ನಂತರ ಕಾರು ತಯಾರಿಕೆಗೆ ಸರ್ಕಾರದ ಲೈಸೆನ್ಸ್ ಬೇಕಿತ್ತು. 1950ರ ದಶಕದ ಮೊದಲಲ್ಲೇ ಫೋರ್ಡ್ ಮತ್ತು ಜನರಲ್ ಮೋಟರ್ಸ್ ಇಲ್ಲಿನ ಕೆಲಸ ಮುಚ್ಚಿ ಹೋದವು. ಮುಖ್ಯವಾಗಿ ಉಳಿದದ್ದು ಹಿಂದೂಸ್ತಾನ್ ಮೋಟರ್ಸಿನ ಅಂಬಾಸಿಡರ್, ಮತ್ತು ಮುಂಬಯಿಯ ಪ್ರೀಮಿಯರ್ ಕಂಪನಿಯ ಫಿಯೆಟ್. ಈ ಫಿಯೆಟ್ಟಿಗೇ ಮುಂದೆ ಪದ್ಮಿನಿ ಅಂತ ಹೆಸರಾಯಿತು. ಹಣ ಕಟ್ಟಿ ಹೆಸರು ಬರೆಸಿದವರು ವರ್ಷಗಟ್ಟಲೆ ಕಾಯಬೇಕಿತ್ತು.

ಹೊಸದು ಸಿಗದಿದ್ದರೆ ಹಳೆಯದಕ್ಕೆ ಬೆಲೆ ಏರುತ್ತದೆ. ಕೆಲವು ಸಲ ಹೊಸ ಕಾರಿನ ಸರ್ಕಾರಿ ದರಕ್ಕಿಂತ ಓಡಿದ ಕಾರಿಗೇ ಹೆಚ್ಚು ಕೊಡಬೇಕಿತ್ತು. ಅಂಥ ಕಾಲದಲ್ಲಿ ಯಾರಾದರೂ ಸ್ಟಾರ್ಟ್ ಆಗದ ಗಾಡಿಯನ್ನು ಕಡಿಮೆಗೆ ಕೊಟ್ಟರೆ ಕಣ್ಣು ಮುಚ್ಚಿ ತೆಗೆದುಕೊಳ್ಳುವುದು ಜಾಣತನವೇ. ಎಂಜಿನ್ ಸರಳವಾಗಿತ್ತು, ಮಿಸ್ತ್ರಿಯ ಕೂಲಿ ಕಡಿಮೆ ಇತ್ತು, ರಿಪೇರಿ ಮಾಡಿಸಿದ ಮೇಲೆ ಗಾಡಿಯ ಬೆಲೆ ಖರ್ಚಿಗಿಂತ ಮೇಲೆ ಹೋಗುತ್ತಿತ್ತು. ಅಪ್ಪಾರ ಲೆಕ್ಕ ಹುಟ್ಟಿದ್ದು ಆ ಕಾಲದಲ್ಲಿ.

1983ರ ನಂತರ

1983ರ ಡಿಸೆಂಬರ್ 14ರಂದು ಪ್ರಧಾನಿ ಇಂದಿರಾ ಗಾಂಧಿ ಮೊದಲ ಮಾರುತಿ 800ರ ಕೀಲಿಕೈ ಕೊಟ್ಟರು. ಬೆಲೆ ಸುಮಾರು 50,000 ರೂಪಾಯಿ. ಮೊದಲು ಇದಕ್ಕೂ ಸರದಿ ಕಾಯಬೇಕಿತ್ತು. ಆದರೆ 1991ರ ನಂತರ ಬಾಗಿಲು ತೆರೆದು ಹೊಸ ಕಂಪನಿಗಳು ಬಂದವು, ಬ್ಯಾಂಕ್ ಸಾಲ ಬಂತು. ಪೇಟೆಯವರು ಐದಾರು ವರ್ಷಕ್ಕೊಮ್ಮೆ ಗಾಡಿ ಬದಲಿಸತೊಡಗಿದರು. ಅವರು ಬಿಟ್ಟ ಗಾಡಿಗಳು ತಾಲ್ಲೂಕಿಗೆ, ಅಲ್ಲಿಂದ ಹಳ್ಳಿಗೆ ಇಳಿದವು. 2014ರ ಜನವರಿಯಲ್ಲಿ ಮಾರುತಿ 800 ತಯಾರಿಕೆ ನಿಂತಿತು. ಅದೇ ವರ್ಷ ಮೇ ತಿಂಗಳಲ್ಲಿ ಅಂಬಾಸಿಡರ್ ಕೂಡ ನಿಂತಿತು.

ಅಂದರೆ ಲೆಕ್ಕ ತಲೆಕೆಳಗಾಯಿತು. ಈಗ ಹಳೇ ಗಾಡಿ ಅಭಾವದ ವಸ್ತುವಲ್ಲ. ರಿಪೇರಿಗೆ 30,000 ಹಾಕಿದರೆ ಗಾಡಿಯ ಬೆಲೆ ಅಷ್ಟೇ ಏರುತ್ತದೆ ಎನ್ನುವ ಭರವಸೆ ಇಲ್ಲ.

ಅಕ್ಕಿಯಲ್ಲಿ ಕಲ್ಲು, ಖಣದಲ್ಲಿ ನಕಲು

1970ರಲ್ಲಿ ಜಾರ್ಜ್ ಅಕರ್ಲಾಫ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞ ಸೆಕೆಂಡ್ ಹ್ಯಾಂಡ್ ಕಾರುಗಳ ಬಗ್ಗೆ ಒಂದು ಲೇಖನ ಬರೆದರು. ಮೂರು ಪತ್ರಿಕೆಗಳು ಅದನ್ನು ವಾಪಸ್ ಕಳಿಸಿದ್ದವು. ಅವರಿಗೆ 2001ರಲ್ಲಿ ನೊಬೆಲ್ ಬಂದದ್ದು ಇದೇ ವಿಚಾರಕ್ಕೆ.

ಅವರು ಹೇಳಿದ್ದು ಸರಳ. ಗಾಡಿಯ ಹುಳುಕು ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಗೊತ್ತಿಲ್ಲದವನು ಭಯಕ್ಕೆ ಕಡಿಮೆ ಬೆಲೆಯನ್ನೇ ಕೇಳುತ್ತಾನೆ. ಆ ಬೆಲೆಗೆ ಒಳ್ಳೆಯ ಗಾಡಿಯವನು ಕೊಡುವುದಿಲ್ಲ, ಸಂತೆಯಿಂದ ಎದ್ದು ಹೋಗುತ್ತಾನೆ. ಕೊನೆಗೆ ಸಂತೆಯಲ್ಲಿ ಉಳಿಯುವುದು ಹುಳುಕಿನ ಗಾಡಿಗಳೇ.

ಅಕರ್ಲಾಫ್ 1967-68ರಲ್ಲಿ ದೆಹಲಿಯ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನಲ್ಲಿದ್ದರು. ನಮ್ಮ ಹೆಣ್ಣುಮಕ್ಕಳು ಮೊರದಲ್ಲಿ ಅಕ್ಕಿ ಹಾಕಿ, ಬೇಕೆಂದೇ ಬೆರೆಸಿದ ಅಕ್ಕಿಯ ಬಣ್ಣದ ಕಲ್ಲುಗಳನ್ನು ಆರಿಸುವುದು ಕೂಡ ಅವರ ಲೇಖನದಲ್ಲಿ ಉದಾಹರಣೆಯಾಗಿ ಬಂದಿದೆ.

ಗುಳೇದಗುಡ್ಡದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೈಮಗ್ಗದ ಖಣದ ಪಕ್ಕ ಪವರ್‌ಲೂಮಿನ ನಕಲು ಇಟ್ಟಾಗ ದೂರದ ಗಿರಾಕಿಗೆ ವ್ಯತ್ಯಾಸ ತಿಳಿಯಲಿಲ್ಲ. ಆತ ನಕಲಿನ ಬೆಲೆಯನ್ನೇ ಎರಡಕ್ಕೂ ಕೇಳಿದ. ಕುಣಿಮಗ್ಗದವರು ಒಬ್ಬೊಬ್ಬರಾಗಿ ಎದ್ದು ಹೋದರು. ಅದಕ್ಕೇ ಖಣಕ್ಕೆ ಜಿಐ ಗುರುತು ಬಂತು. ನಂಬಿಕೆ ಕೆಟ್ಟ ಕಡೆ ಒಂದು ಗುರುತು, ಒಂದು ಕಾಗದ ಬೇಕಾಗುತ್ತದೆ. ಕಾರಿಗೆ ಆ ಕಾಗದ ಆರ್‌ಸಿ.

ಕಾಗದ ಯಾರ ಹೆಸರಲ್ಲಿದೆ?

ನಾವು ಗೆಳೆಯನ ಮನೆಯವರ ಜೊತೆ ಹೋಗಿ ಆರ್‌ಸಿ ಕೇಳಿದೆವು. ಅದರಲ್ಲಿದ್ದದ್ದು ಮಾರುವವರ ಹೆಸರಲ್ಲ, ಬೇರೆ ಊರಿನ ಮೊದಲ ಮಾಲೀಕರದು. ಗಾಡಿ ಮೂರು ಕೈ ದಾಟಿ ಬಂದಿತ್ತು, ಹೆಸರು ಒಂದು ಸಲವೂ ದಾಟಿರಲಿಲ್ಲ. ಬ್ಯಾಂಕಿನ ಸಾಲದ ನಮೂದು ಹಾಗೇ ಇತ್ತು. 2004ರ ಗಾಡಿಗೆ 15 ವರ್ಷದ ನೋಂದಣಿ 2019ಕ್ಕೇ ಮುಗಿದಿತ್ತು. ನವೀಕರಣ ಆಗಿರಲಿಲ್ಲ.

"ಬಾಂಡ್ ಪೇಪರ್ ಮ್ಯಾಲ ಬರದು ಕೊಡತೇನಲ್ರಿ" ಅಂದರು ಅವರು.

ಬಾಂಡ್ ಬರಹದಿಂದ ಆರ್‌ಸಿಯಲ್ಲಿನ ಹೆಸರು ಬದಲಾಗುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 50ನೇ ಕಲಮಿನ ಪ್ರಕಾರ, ಒಂದೇ ರಾಜ್ಯದೊಳಗಾದರೆ ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಫಾರ್ಮ್ 29 ಮತ್ತು 30 ಇರುವುದು ಇದಕ್ಕೇ. ಸಾಲದ ನಮೂದು ತೆಗೆಸಲು ಬ್ಯಾಂಕಿನ ಸಹಿಯ ಜೊತೆ ಫಾರ್ಮ್ 35.

ತಿಳಿಸದಿದ್ದರೆ ಏನಾಗುತ್ತದೆ? 2018ರಲ್ಲಿ ನವೀನ್ ಕುಮಾರ್ ಮತ್ತು ವಿಜಯ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ. ಅಲ್ಲಿ ಗಾಡಿ 2007ರಲ್ಲೇ ಮಾರಾಟವಾಗಿ ಹಲವು ಕೈ ದಾಟಿತ್ತು. 2009ರಲ್ಲಿ ಅಪಘಾತವಾಯಿತು, ವಿಮೆ ಇರಲಿಲ್ಲ. ಆದರೆ ದಾಖಲೆಯಲ್ಲಿ ಮೊದಲ ಮಾಲೀಕರ ಹೆಸರೇ ಇದ್ದದ್ದರಿಂದ ಪರಿಹಾರದ ಹೊಣೆ ಅವರ ಮೇಲೆಯೇ ಬಂತು. ನಿಮ್ಮ ಹಳೇ ಬೈಕು, ಕಾರು ಮಾರಿ ಮರೆತುಬಿಟ್ಟಿದ್ದರೆ ಈ ಮಾತು ನಿಮಗೂ ಸೇರಿದ್ದು.

ಕೊಳ್ಳುವವರಿಗೂ ಸುಖವಿಲ್ಲ. ಹೆಸರು ದಾಟದೆ ನವೀಕರಣ ಕಷ್ಟ, ನಿಮ್ಮ ಹೆಸರಲ್ಲಿ ವಿಮೆ ಕಷ್ಟ, ಮುಂದೆ ಮಾರುವುದೂ ಕಷ್ಟ. 15 ವರ್ಷ ದಾಟಿದ ಕಾರಿನ ಮರುನೋಂದಣಿ ಶುಲ್ಕ ಮೊದಲು 600 ರೂಪಾಯಿ ಇತ್ತು. 2022ರ ಏಪ್ರಿಲ್ 1ರಿಂದ 5,000 ಆಯಿತು. 20 ವರ್ಷ ದಾಟಿದ್ದಕ್ಕೆ 2025ರಲ್ಲಿ ಇನ್ನೂ ಏರಿಸಿದರು. ತಡಮಾಡಿದ ತಿಂಗಳಿಗೆಲ್ಲ ಬೇರೆ ದಂಡ, ಮೇಲೆ ಹಸಿರು ತೆರಿಗೆ.

ಈ ಕಾಲದ ಹಲ್ಲು ನೋಡುವ ಬಗೆ

ನಮ್ಮ ಜೊತೆ ಬಂದಿದ್ದ ಮಿಸ್ತ್ರಿ ಕಾಕಾ ಬ್ಯಾಟರಿ ಇಲ್ಲದೆಯೇ ಗಾಡಿ ನೋಡಿದರು. ಟಾಪ್ ಗೇರಿಗೆ ಹಾಕಿಸಿ ನಮ್ಮ ಕೈಲಿ ಮೆಲ್ಲಗೆ ತಳ್ಳಿಸಿದರು. ಒಳಗೆ ಎಂಜಿನ್ ತಿರುಗಿತು. "ಜಾಮ್ ಆಗಿಲ್ಲ, ಜೀವ ಐತಿ" ಅಂದರು. ಆಯಿಲ್ ಕಡ್ಡಿ ಎಳೆದು ನೋಡಿದರು. ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಸೇರಿದೆ ಎಂದರ್ಥ. ಇಲ್ಲಿ ಕಪ್ಪಗೇ ಇತ್ತು. ಮ್ಯಾಟ್ ಎತ್ತಿ ತಳದ ತುಕ್ಕು ನೋಡಿದರು. ಇಲಿ ಕಡಿದ ವೈರು ತೋರಿಸಿದರು. ಚಾಸಿ ನಂಬರನ್ನು ಆರ್‌ಸಿ ಜೊತೆ ತಾಳೆ ನೋಡಿದರು. ಟಯರು, ಬ್ಯಾಟರಿ, ವೈರಿಂಗ್, ಟ್ಯಾಂಕ್ ತೊಳೆಯುವುದು ಸೇರಿ ಅವರು ಹೇಳಿದ ಖರ್ಚು 30,000ದ ಹತ್ತಿರ ಬಂತು.

"ಗಾಡಿ ರಿಪೇರಿ ನಾ ಮಾಡತೇನಿ ತಮ್ಮಾ, ಕಾಗದ ರಿಪೇರಿ ನನ್ನ ಕೈಲಾಗಂಗಿಲ್ಲ" ಅಂದರು ಕಾಕಾ.

ಅಪ್ಪಾರು ಸ್ವಲ್ಪ ಹೊತ್ತು ಬಾನೆಟ್ ಮೇಲೆ ಕೈ ಇಟ್ಟು ನಿಂತಿದ್ದರು. ಆಮೇಲೆ ಮಾರುವವರಿಗೆ ಹೇಳಿದರು: "ಮೊದಲಿನ ಮಾಲಕರನ್ನ ಕರಕೊಂಡು ಬರ್ರಿ. ಅವರು ಫಾರ್ಮಿಗೆ ಸಹಿ ಮಾಡಲಿ, ಬ್ಯಾಂಕಿನ ಕಾಗದ ಬರಲಿ. ಅವತ್ತ ರೊಕ್ಕದ ಮಾತು ಆಡೋಣು. ಅಲ್ಲೀತನಾ ಅಡ್ವಾನ್ಸ್ ಸುದ್ದಾ ಬ್ಯಾಡ."

ಇನ್ನೂ ಅವರಿಂದ ಫೋನ್ ಬಂದಿಲ್ಲ. ಅವ್ವನನ್ನು ಈ ತಿಂಗಳು ಪಕ್ಕದ ಮನೆಯವರ ಆಟೋದಲ್ಲಿ ಕರೆದೊಯ್ದರು.

ನಿಮ್ಮ ಮನೆಯಲ್ಲೂ ಇಂಥ ಮಾತು ನಡೆದಿದ್ದರೆ, ಗಾಡಿ ನೋಡಲು ಹೋಗುವ ಮೊದಲು ನಂಬರ್ ಕೇಳಿ. ಕೈಯಲ್ಲಿರುವ ಫೋನಿನಲ್ಲಿ ಎಂ-ಪರಿವಾಹನ್ ಆ್ಯಪ್ ತೆರೆದು ನಂಬರ್ ಹಾಕಿ. ನೋಂದಣಿ ಎಲ್ಲಿಯತನಕ ಇದೆ, ವಿಮೆ ಇದೆಯೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ. ಅದು ಸರಿ ಇದ್ದರೆ ಮಿಸ್ತ್ರಿಯನ್ನು ಕರೆದುಕೊಂಡು ಹೋಗಿ. ಸ್ಟಾರ್ಟ್ ಆಗದ ಗಾಡಿಯನ್ನು ಲೆಕ್ಕ ಹಾಕಿ ಕೊಳ್ಳಬಹುದು. ಹೆಸರು ದಾಟದ ಗಾಡಿಯನ್ನು ಪುಕ್ಕಟೆ ಕೊಟ್ಟರೂ ಮನೆಗೆ ತರಬೇಡಿ.