ಗರ್ಭಾವಸ್ಥೆಯಲ್ಲಿ ಮೂತ್ರಪಿಂಡ ಕಾರ್ಯದ ಪರೀಕ್ಷೆ

ಗರ್ಭಾವಸ್ಥೆಯಲ್ಲಿ ಮೂತ್ರಪಿಂಡ ಕಾರ್ಯದ ಪರೀಕ್ಷೆ ಎಂದರೆ ರಕ್ತ, ಮೂತ್ರ ಹಾಗೂ ರಕ್ತದೊತ್ತಡಗಳನ್ನು ಪರಿಶೀಲಿಸಿ ಗರ್ಭಿಣಿಯ ಮೂತ್ರಪಿಂಡಗಳು ಹೇಗೆ ಕಾರ್ಯ ನಿರ್ವಹಿಸುತ್ತಿವೆ ಎಂಬುದನ್ನು ಅರಿಯುವ ಕ್ರಮ. ಈ ಅವಧಿಯಲ್ಲಿ ಸಹಜ ಅಳತೆಗಳೇ ಬದಲಾಗುತ್ತವೆ. ಆದ್ದರಿಂದ ಇತರ ವಯಸ್ಕರಲ್ಲಿ ಸಹಜವೆನಿಸುವ ಫಲಿತಾಂಶವು ಗರ್ಭಿಣಿಯಲ್ಲಿ ರೋಗದ ಸೂಚನೆಯಾಗಿರಬಹುದು.

ದೈಹಿಕ ಬದಲಾವಣೆಗಳು

ಗರ್ಭ ಧರಿಸಿದ ಕೆಲವೇ ವಾರಗಳಲ್ಲಿ ಮೂತ್ರಪಿಂಡಗಳಿಗೆ ರಕ್ತದ ಹರಿವು ಹೆಚ್ಚುತ್ತದೆ. ರಕ್ತವನ್ನು ಸೋಸುವ ದರವು ಸುಮಾರು ಶೇ. 50ರಷ್ಟು ಏರುತ್ತದೆ. ಮೂತ್ರಪಿಂಡಗಳ ಉದ್ದ 1ರಿಂದ 1.5 ಸೆಂ.ಮೀ. ಹೆಚ್ಚಬಹುದು. ಮೂತ್ರನಾಳಗಳು, ವಿಶೇಷವಾಗಿ ಬಲಭಾಗದ ನಾಳ, ಹಿಗ್ಗುತ್ತವೆ. ಮೂತ್ರದಲ್ಲಿ ಸ್ವಲ್ಪ ಸಕ್ಕರೆ ಕಂಡುಬರುವುದೂ ಉಂಟು.

ರಕ್ತ ಪರೀಕ್ಷೆ

ಸೋಸುವಿಕೆ ಹೆಚ್ಚುವುದರಿಂದ ರಕ್ತದಲ್ಲಿನ ಕ್ರಿಯಾಟಿನಿನ್ ಎಂಬ ತ್ಯಾಜ್ಯದ ಪ್ರಮಾಣ ಇಳಿಯುತ್ತದೆ. ಗರ್ಭಿಣಿಯರಲ್ಲಿ ಅದು ಸಾಮಾನ್ಯವಾಗಿ ಡೆಸಿಲೀಟರಿಗೆ 0.4ರಿಂದ 0.8 ಮಿಲಿಗ್ರಾಂ ಇರುತ್ತದೆ. 1.0 ಎಂಬ ಫಲಿತಾಂಶವನ್ನು ಪ್ರಯೋಗಾಲಯದ ವರದಿಯು ಸಹಜವೆಂದು ಮುದ್ರಿಸಿದ್ದರೂ, ಗರ್ಭಿಣಿಯಲ್ಲಿ ಅದಕ್ಕೆ ಕಾರಣ ಹುಡುಕಬೇಕಾಗುತ್ತದೆ. ಕ್ರಿಯಾಟಿನಿನ್‌ನಿಂದ ಸೋಸುವ ದರವನ್ನು ಲೆಕ್ಕಹಾಕುವ ಸಾಮಾನ್ಯ ಸೂತ್ರಗಳು ಗರ್ಭಾವಸ್ಥೆಗೆ ಅನ್ವಯಿಸುವುದಿಲ್ಲ. ಒಂದೇ ಅಳತೆಗಿಂತ ಗರ್ಭಾವಸ್ಥೆಯ ಆರಂಭದ ಅಳತೆಯೊಡನೆ ಹೋಲಿಕೆಯೇ ಹೆಚ್ಚು ಉಪಯುಕ್ತ.

ಮೂತ್ರ ಪರೀಕ್ಷೆ

ಮೂತ್ರದಲ್ಲಿ ಅದ್ದುವ ಪಟ್ಟಿಯಿಂದ ಪ್ರೋಟೀನ್ ಇರುವಿಕೆಯನ್ನು ಕೂಡಲೇ ತಿಳಿಯಬಹುದು. ಮೂತ್ರ ಗಟ್ಟಿಯಾಗಿದ್ದರೆ ಅಥವಾ ತೆಳುವಾಗಿದ್ದರೆ ಈ ಫಲಿತಾಂಶ ತಪ್ಪಬಹುದು. ಖಚಿತಪಡಿಸಲು ಪ್ರೋಟೀನ್–ಕ್ರಿಯಾಟಿನಿನ್ ಅನುಪಾತವನ್ನಾಗಲಿ 24 ಗಂಟೆಗಳ ಮೂತ್ರವನ್ನಾಗಲಿ ಪರೀಕ್ಷಿಸಲಾಗುತ್ತದೆ. ಅನುಪಾತ 0.3 ಅಥವಾ ದಿನಕ್ಕೆ 300 ಮಿಲಿಗ್ರಾಂ ತಲುಪಿದರೆ ಅದು ಅಸಹಜ. 20 ವಾರಗಳ ನಂತರ ರಕ್ತದೊತ್ತಡ 140/90ಕ್ಕೆ ಏರಿ, ಜೊತೆಗೆ ಪ್ರೋಟೀನ್ ಕಂಡುಬಂದರೆ ಪ್ರಿ-ಎಕ್ಲಾಂಪ್ಸಿಯಾ (ಗರ್ಭನಂಜು) ಎಂದು ಪರಿಗಣಿಸುತ್ತಾರೆ. ಪ್ರೋಟೀನ್ ಇಲ್ಲದಿದ್ದರೂ, ಅಧಿಕ ರಕ್ತದೊತ್ತಡದೊಡನೆ ಕ್ರಿಯಾಟಿನಿನ್ 1.1 ಮಿಲಿಗ್ರಾಂ ಮೀರಿದರೆ ಇದೇ ರೋಗವಿರಬಹುದು. ಲಕ್ಷಣಗಳಿಲ್ಲದ ಮೂತ್ರಸೋಂಕನ್ನು ಪತ್ತೆಹಚ್ಚಲು ಮೂತ್ರದ ಕಲ್ಚರ್ ಪರೀಕ್ಷೆಯೂ ಅಗತ್ಯ.

ಬೆಳಗಾವಿ ಜಿಲ್ಲೆಯಲ್ಲಿ

ಬೈಲಹೊಂಗಲ ತಾಲೂಕಿನ ಸಂಪಗಾಂವ ಇರುವ ಬೆಳಗಾವಿ ಜಿಲ್ಲೆಯಲ್ಲಿ ಹಾಗೂ ನೆರೆಯ ಬಾಗಲಕೋಟೆ ಜಿಲ್ಲೆಯಲ್ಲಿ 2014ರಿಂದ 2016ರವರೆಗೆ ‘ಕ್ಲಿಪ್’ ಎಂಬ ಅಧ್ಯಯನ ನಡೆಯಿತು. ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಮಹಾವಿದ್ಯಾಲಯದ ತಜ್ಞರು ಇದರಲ್ಲಿ ಭಾಗವಹಿಸಿದ್ದರು. ತರಬೇತಿ ಪಡೆದ ಆಶಾ ಕಾರ್ಯಕರ್ತೆಯರು ಮತ್ತು ಕಿರಿಯ ಆರೋಗ್ಯ ಸಹಾಯಕಿಯರು ಗರ್ಭಿಣಿಯರ ರಕ್ತದೊತ್ತಡವನ್ನು ಅಳೆದು, ಅಪಾಯದಲ್ಲಿದ್ದವರನ್ನು ಆಸ್ಪತ್ರೆಗೆ ಕಳುಹಿಸುತ್ತಿದ್ದರು. ಅಪಾಯವನ್ನು ಅಂದಾಜಿಸುವ ವಿಧಾನದಲ್ಲಿ ಮೂತ್ರದ ಪ್ರೋಟೀನ್ ಕೂಡ ಒಂದು ಅಂಶವಾಗಿತ್ತು. ಆದರೆ ತಾಯಿ-ಮಗುವಿನ ಸಾವು ಹಾಗೂ ತೀವ್ರ ತೊಂದರೆಗಳ ಒಟ್ಟು ಪ್ರಮಾಣ ಇದರಿಂದ ಇಳಿಯಲಿಲ್ಲ. ಮನೆಬಾಗಿಲಿನಲ್ಲಿ ಅಪಾಯವನ್ನು ಗುರುತಿಸಿದ ಬಳಿಕ ಆಸ್ಪತ್ರೆಯಲ್ಲಿ ಸಕಾಲಿಕ ಚಿಕಿತ್ಸೆಯೂ ದೊರೆಯಬೇಕಾಗುತ್ತದೆ. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಪ್ರತಿ ತಿಂಗಳ 9ರಂದು ಸರ್ಕಾರಿ ಆರೋಗ್ಯ ಸಂಸ್ಥೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ನಡೆಯುತ್ತದೆ.

ಹೆರಿಗೆಯ ನಂತರ

ಹೆರಿಗೆಯ ಬಳಿಕ ಕೆಲವು ವಾರಗಳಲ್ಲಿ ಈ ಅಳತೆಗಳು ಹಿಂದಿನ ಮಟ್ಟಕ್ಕೆ ಮರಳುತ್ತವೆ. ಮೂರು ತಿಂಗಳಾದರೂ ಮೂತ್ರದಲ್ಲಿ ಪ್ರೋಟೀನ್ ಉಳಿದಿದ್ದರೆ, ಮೊದಲೇ ಇದ್ದು ಪತ್ತೆಯಾಗದ ಮೂತ್ರಪಿಂಡ ರೋಗವನ್ನು ಶಂಕಿಸಿ ತಜ್ಞರಲ್ಲಿ ತಪಾಸಣೆ ಮಾಡಿಸಬೇಕು.