ಹಬ್ಬದ ಎಲೆ, ತಿಥಿಯ ಎಲೆ

ಈ ಸಲದ ಯುಗಾದಿ ಅಡುಗೆಯ ಯೋಜನೆ ಹಾಕುವ ಕೆಲಸ ನನ್ನ ತಲೆಗೆ ಬಂತು. ಅಜ್ಜಿ ಹೋದ ಮೇಲೆ ಒಂದು ವರ್ಷ ನಮ್ಮ ಮನೆಯಲ್ಲಿ ಹಬ್ಬ ಇರಲಿಲ್ಲ. ಮಾಘದಲ್ಲಿ ವರ್ಷಾಬ್ದಿಕ ಮುಗಿಯಿತು, ಅದಾದ ಮೇಲೆ ಬಂದ ಮೊದಲ ಹಬ್ಬ ಇದು. ಅಮ್ಮನಿಗೆ ಮಂಡಿನೋವು, ಒಲೆ ಮುಂದೆ ಬಹಳ ಹೊತ್ತು ನಿಲ್ಲೋಕಾಗಲ್ಲ. ದೊಡ್ಡಪ್ಪನ ಮನೆಯವರೂ ಸೇರಿದರೆ ಹದಿನೆಂಟು ಎಲೆ. "ಆಫೀಸಲ್ಲಿ ಏನೇನೋ ಪ್ಲಾನ್ ಮಾಡ್ತೀಯಲ್ಲ, ಇದನ್ನೂ ಮಾಡು" ಅಂದಳು ಅಮ್ಮ. ಸರಿ ಅಂತ ಲ್ಯಾಪ್‌ಟಾಪಿನಲ್ಲಿ ಎಕ್ಸೆಲ್ ತೆರೆದು ಕೂತೆ.

ಆಧಾರಕ್ಕೆ ಇದ್ದದ್ದು ಅಜ್ಜಿಯ ಒಂದು ಹಳೇ ನೋಟ್‌ಬುಕ್ಕು. ಹಾಲಿನ ಲೆಕ್ಕ, ಚೀಟಿ ದುಡ್ಡು, ಯಾರ ಮದುವೆಗೆ ಎಷ್ಟು ಮುಯ್ಯಿ ಕೊಟ್ಟಿದ್ದು, ಎಲ್ಲದರ ನಡುವೆ ಎದುರುಬದುರಾಗಿ ಎರಡು ಪುಟ. ಎಡಗಡೆ "ಯುಗಾದಿ". ಬಲಗಡೆ "ಮಾವನವರ ತಿಥಿ". ಅಳತೆ ಎಲ್ಲಾ ಪಾವು, ಚಟಾಕು, ಅಚ್ಚುಗಳಲ್ಲಿ. ಸರ್ಕಾರ 1956ರಲ್ಲೇ ಮೆಟ್ರಿಕ್ ಅಳತೆಗೆ ಕಾನೂನು ಮಾಡಿದ್ದರೂ ಅದು ನಮ್ಮಜ್ಜಿಯ ಅಡುಗೆಮನೆಯ ಹೊಸ್ತಿಲು ದಾಟಿರಲಿಲ್ಲ. ಅಮ್ಮ ಹಿತ್ತಾಳೆ ಪಾವನ್ನು ಹುಡುಕಿ ಕೊಟ್ಟಳು. ಅದರ ತುಂಬ ಕಡಲೆಬೇಳೆ ಹಾಕಿ, ತೂಗಿ, ಗ್ರಾಂ ಲೆಕ್ಕಕ್ಕೆ ಇಳಿಸಿಕೊಂಡೆ.

ಯುಗಾದಿ ಪುಟದಲ್ಲಿ ಇದ್ದದ್ದು: ಬೇವು-ಬೆಲ್ಲ, ಒಬ್ಬಟ್ಟು, ಒಬ್ಬಟ್ಟಿನ ಸಾರು, ಮಾವಿನಕಾಯಿ ಚಿತ್ರಾನ್ನ, ಹೆಸರುಬೇಳೆ ಕೋಸಂಬರಿ, ಹುರುಳಿಕಾಯಿ ಪಲ್ಯ, ಆಲೂಗಡ್ಡೆ ಪಲ್ಯ, ಸೀಮೆಬದನೆಕಾಯಿ ಮಜ್ಜಿಗೆಹುಳಿ, ಅಂಬೊಡೆ, ಶಾವಿಗೆ ಪಾಯಸ, ಹಪ್ಪಳ, ಸಂಡಿಗೆ.

ಅಷ್ಟಕ್ಕೇ ನಿಂತಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ನನ್ನ ಹೆಂಡತಿ ಧಾರವಾಡದ ಕಡೆಯವಳು. ನಮ್ಮ ಮದುವೆಯಾಗಿ ಮೂರೇ ತಿಂಗಳಿಗೆ ಅಜ್ಜಿ ಹೋದದ್ದರಿಂದ ಅವಳಿಗೆ ನಮ್ಮ ಮನೆಯಲ್ಲಿ ಇದೇ ಮೊದಲ ಯುಗಾದಿ. "ನಮ್ಮನ್ಯಾಗ ಬ್ಯಾಳಿ ಹೋಳಿಗಿ ಜೋಡಿ ಶೇಂಗಾ ಹೋಳಿಗಿನೂ ಮಾಡ್ತಾರ್ರೀ, ನಾ ಒಂದಿಷ್ಟು ಮಾಡ್ಲೇನ್ರೀ?" ಅಂತ ಕೇಳಿದಳು. ದೊಡ್ಡಮ್ಮ ಸಮಾಧಾನವಾಗಿಯೇ ಹೇಳಿದರು: "ಕಡಲೆಕಾಯಿ ಹೋಳಿಗೆ ನಮ್ಮ ಸಂಪ್ರದಾಯದಲ್ಲಿ ಇಲ್ಲಮ್ಮ. ಅತ್ತೆ ಬರೆದಿಟ್ಟಿದ್ದಾರಲ್ಲ, ಅದರಲ್ಲಿ ಏನೂ ಬದಲಾಯಿಸೋದು ಬೇಡ." ಇವಳು ಸುಮ್ಮನಾದಳು. ಆ ಸುಮ್ಮನಾಗಿದ್ದು ನನಗೆ ಸರಿ ಬರಲಿಲ್ಲ. ಹಾಗಾದರೆ ಈ "ನಮ್ಮ ಸಂಪ್ರದಾಯ" ಎಷ್ಟು ಹಳೆಯದು ಅಂತ ನೋಡೇಬಿಡೋಣ ಎಂದು ಎಕ್ಸೆಲ್ಲಿನಲ್ಲಿ ಇನ್ನೊಂದು ಕಾಲಂ ಸೇರಿಸಿದೆ. ಅದರ ಹೆಸರು "ಎಲ್ಲಿಂದ ಬಂತು".

*

ಮೊದಲು ಮೆಣಸಿನಕಾಯಿ. ಇದು ಅಮೆರಿಕ ಖಂಡದ ಬೆಳೆ. 1492ರಲ್ಲಿ ಕೊಲಂಬಸ್ ಅಲ್ಲಿಗೆ ಹೋಗುವವರೆಗೆ ಏಷ್ಯಾದಲ್ಲಾಗಲಿ ಯುರೋಪಿನಲ್ಲಾಗಲಿ ಯಾರೂ ಅದನ್ನು ಕಂಡಿರಲಿಲ್ಲ. 1498ರಲ್ಲಿ ವಾಸ್ಕೊ ಡ ಗಾಮ ಕಲ್ಲಿಕೋಟೆಗೆ ಬಂದ, 1510ರಲ್ಲಿ ಪೋರ್ಚುಗೀಸರು ಗೋವಾ ಹಿಡಿದರು. ಅವರ ಹಡಗುಗಳ ಜೊತೆ ಮೆಣಸಿನಕಾಯಿ ಪಶ್ಚಿಮ ಕರಾವಳಿಗೆ ಬಂತು. ತಮಾಷೆ ನೋಡಿ, ಅವರು ಅಷ್ಟು ದೂರದಿಂದ ಬಂದದ್ದು ನಮ್ಮ ಮೆಣಸಿಗಾಗಿ. ಮೆಣಸು ಒಯ್ದರು, ಮೆಣಸಿನಕಾಯಿ ಬಿಟ್ಟು ಹೋದರು!

ಮೆಣಸಿನ ಬಳ್ಳಿಗೆ ಮಲೆನಾಡಿನ ಮಳೆ ಬೇಕು, ನೆರಳು ಬೇಕು, ಹಬ್ಬಲು ಮರ ಬೇಕು. ಮೆಣಸಿನಗಿಡ ಬಯಲುಸೀಮೆಯ ಹೊಲದಲ್ಲೂ ಬರುತ್ತೆ, ಹಿತ್ತಲಲ್ಲೂ ಬರುತ್ತೆ. ಒಣಗಿಸಿಟ್ಟರೆ ವರ್ಷವಿಡೀ ಖಾರ. ದುಡ್ಡು ಕೊಟ್ಟು ಕೊಳ್ಳಬೇಕಿದ್ದ ಖಾರ ಬಡವನ ಹಿತ್ತಲಿಗೇ ಬಂದರೆ ಬೇಡ ಅನ್ನುವವರು ಯಾರು? ಇವತ್ತು ಹಾವೇರಿ ಜಿಲ್ಲೆಯ ಬ್ಯಾಡಗಿಯ ಹೆಸರು ಹೇಳಿದರೆ ನೆನಪಾಗುವುದೇ ಮೆಣಸಿನಕಾಯಿ. 2011ರಲ್ಲಿ ಅದಕ್ಕೆ ಜಿಐ ಟ್ಯಾಗ್ ಕೂಡ ಸಿಕ್ಕಿತು. ನಮ್ಮ ಒಬ್ಬಟ್ಟಿನ ಸಾರಿನ ಬಣ್ಣ ಬರುವುದು ಅದರಿಂದಲೇ.

ಆಲೂಗಡ್ಡೆ: ದಕ್ಷಿಣ ಅಮೆರಿಕ. ಹುರುಳಿಕಾಯಿ, ಅಂದರೆ ಅಂಗಡಿಯಲ್ಲಿ ಬೀನ್ಸ್ ಅನ್ನುತ್ತೇವಲ್ಲ ಅದು: ಅದೂ ಅಮೆರಿಕ. ಸೀಮೆಬದನೆಕಾಯಿ: ಮೆಕ್ಸಿಕೊ ಕಡೆಯದು. ಚಿತ್ರಾನ್ನದ ಒಗ್ಗರಣೆಗೆ ಹಾಕುವ ಕಡಲೆಕಾಯಿ ಬೀಜ: ದಕ್ಷಿಣ ಅಮೆರಿಕ. ಪಾಯಸದ ಗೋಡಂಬಿ: ಬ್ರೆಜಿಲ್. ಸಾರಿಗೆ ಒಂದೆರಡು ಹಿಚುಕಿ ಹಾಕುವ ಟೊಮೇಟೊ: ಮತ್ತೆ ಅಮೆರಿಕ. ಊಟ ಆದ ಮೇಲಿನ ಕಾಫಿ ಆಫ್ರಿಕದಿಂದ ಅರಬ್ ದೇಶಗಳ ದಾರಿಯಲ್ಲಿ ಬಂದದ್ದು.

ಕನ್ನಡದ ಹೆಸರುಗಳೇ ಈ ಕತೆ ಹೇಳುತ್ತವೆ. ಹೊಸ ವಸ್ತು ಬಂದಾಗ ನಮ್ಮ ಜನ ಅದಕ್ಕೆ ಹಳೇ ವಸ್ತುವಿನ ಹೆಸರು ಅಂಟಿಸಿಬಿಟ್ಟರು. ಮೆಣಸು ಇತ್ತು, ಮೆಣಸಿನಕಾಯಿ ಬಂತು. ಕಡಲೆ ಇತ್ತು, ಕಡಲೆಕಾಯಿ ಬಂತು. ಹುರುಳಿ ಇತ್ತು, ಹುರುಳಿಕಾಯಿ ಬಂತು. ಬದನೆ ಇತ್ತು, ಸೀಮೆಯಿಂದ ಬಂದದ್ದು ಸೀಮೆಬದನೆ ಆಯಿತು. ಫರಂಗಿಗಳು ತಂದದ್ದು ಪರಂಗಿ ಹಣ್ಣು. ದಕ್ಷಿಣ ಕನ್ನಡದಲ್ಲಿ ಕರಿಮೆಣಸಿಗೆ ಈಗಲೂ "ಒಳ್ಳೆಮೆಣಸು" ಅನ್ನುತ್ತಾರೆ. ಹೊಸಬ ಎಷ್ಟೇ ಬೆಳೆದರೂ ಒಳ್ಳೆಯವನು ಹಳಬನೇ ಅಂತಿರಬೇಕು :-)

ಬೆಂಗಳೂರಿನ ಸುತ್ತಮುತ್ತ "ಇಂಗ್ಲಿಷ್ ತರಕಾರಿ" ಹಬ್ಬಿದ್ದಕ್ಕೆ ಬೇರೆಯೇ ಕಾರಣ. 1809ರಲ್ಲಿ ಬ್ರಿಟಿಷರ ದಂಡು ಬೆಂಗಳೂರಿಗೆ ಬಂತು. ದಂಡಿನ ದೊರೆಗಳಿಗೆ ಅವರ ಊರಿನ ಕೋಸು, ಕ್ಯಾರೆಟ್, ಆಲೂಗಡ್ಡೆ ಬೇಕು. ಇಲ್ಲಿಯ ತಂಪು ಹವೆಗೆ ಅವು ಚೆನ್ನಾಗಿ ಬಂದವು. ಹೈದರಾಲಿ ಶುರು ಮಾಡಿದ ಲಾಲ್‌ಬಾಗ್ ಆಮೇಲೆ ಹೊಸ ಗಿಡಗಳನ್ನು ಬೆಳೆಸಿ ನೋಡುವ ಜಾಗವಾಯಿತು. 1874ರಿಂದ ಮೂರು ದಶಕಕ್ಕೂ ಹೆಚ್ಚು ಕಾಲ ಅದನ್ನು ನೋಡಿಕೊಂಡ ಜಾನ್ ಕ್ಯಾಮರಾನ್ ಇಲ್ಲಿಗೆ ತಂದ ತರಕಾರಿಗಳಲ್ಲಿ ಸೀಮೆಬದನೆಯೂ ಒಂದು. ತಮಿಳರು ಅದನ್ನು ಈಗ "ಬೆಂಗಳೂರು ಕತ್ತರಿಕಾಯಿ" ಅನ್ನುತ್ತಾರೆ. ಮೆಕ್ಸಿಕೊದ ಕಾಯಿ ಬೆಂಗಳೂರಿನ ಬದನೆಯಾಗಿ ಹೋಯಿತು.

ಕಾಲಂ ತುಂಬಿ ಮುಗಿದಾಗ ಅಜ್ಜಿಯ ಯುಗಾದಿ ಪುಟದಲ್ಲಿ ಹೊರಗಿನವರ ಕೈ ಸೋಕದೆ ಉಳಿದದ್ದು ಬೇವು-ಬೆಲ್ಲ, ಒಬ್ಬಟ್ಟು, ಮತ್ತೊಂದೆರಡು ಅಷ್ಟೇ.

*

ಆಮೇಲೆ ಕಣ್ಣು ಬಲಗಡೆ ಪುಟಕ್ಕೆ ಹೋಯಿತು. ಒಂದು ತಿಂಗಳ ಹಿಂದೆ ಅದೇ ಅಡುಗೆ ಉಂಡಿದ್ದೆ, ಆದರೆ ಆವತ್ತು ಏನೂ ಹೊಳೆದಿರಲಿಲ್ಲ.

ಹೆಸರುಬೇಳೆ ತೊವ್ವೆ. ಮೆಣಸಿನ ಸಾರು. ಬಾಳೆಕಾಯಿ, ಹಾಗಲಕಾಯಿ, ಗೋರಿಕಾಯಿ, ಹೀರೆಕಾಯಿ, ಸುವರ್ಣಗೆಡ್ಡೆ, ಗೆಣಸು. ಉದ್ದಿನ ವಡೆ. ಎಳ್ಳುಂಡೆ. ಅಕ್ಕಿ ಪಾಯಸ. ಮೊಸರು.

ಮೆಣಸಿನಕಾಯಿ ಇಲ್ಲ, ಆಲೂಗಡ್ಡೆ ಇಲ್ಲ, ಟೊಮೇಟೊ ಇಲ್ಲ, ಹುರುಳಿಕಾಯಿ ಇಲ್ಲ, ಕೋಸು ಇಲ್ಲ. "ತಿಥಿಗೆ ಅವೆಲ್ಲ ಬರಲ್ಲ" ಅಂತ ಚಿಕ್ಕಂದಿನಿಂದ ಕೇಳಿದ್ದೆ. ಯಾಕೆ ಬರಲ್ಲ ಅಂತ ಯಾರೂ ಹೇಳಿರಲಿಲ್ಲ. ಪೋರ್ಚುಗೀಸರಿಗೂ ಮುಂಚಿನ ಕನ್ನಡ ಅಡುಗೆಮನೆ ಹೇಗಿತ್ತು ಅಂತ ತಿಳಿಯಬೇಕಾದರೆ ಮ್ಯೂಸಿಯಂಗೆ ಹೋಗಬೇಕಿಲ್ಲ, ವರ್ಷಕ್ಕೊಮ್ಮೆ ನಮ್ಮ ಮನೆಯಲ್ಲೇ ಅದನ್ನು ಬಡಿಸುತ್ತಾರೆ.

ಹಳೆಯ ಪುಸ್ತಕಗಳೂ ಇದಕ್ಕೆ ಹೊಂದುತ್ತವೆ. ಹತ್ತನೆಯ ಶತಮಾನದ ವಡ್ಡಾರಾಧನೆಯಲ್ಲಿ ಇಡ್ಡಲಿಗೆಯ ಹೆಸರು ಬರುತ್ತದೆ. ಎರಡನೆಯ ಚಾವುಂಡರಾಯ 1025ರ ಸುಮಾರಿಗೆ ಬರೆದ ಲೋಕೋಪಕಾರದಲ್ಲಿ ಅದನ್ನು ಮಾಡುವ ಕ್ರಮವೂ ಇದೆ: ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ, ನುಣ್ಣಗೆ ಅರೆದು, ಮೊಸರಿನ ತಿಳಿನೀರು, ಜೀರಿಗೆ, ಕೊತ್ತಂಬರಿ, ಮೆಣಸು, ಇಂಗು ಸೇರಿಸುವುದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ (ಆಳ್ವಿಕೆ 1126ರಿಂದ 1138) ಸಂಸ್ಕೃತದಲ್ಲಿ ಬರೆಸಿದ ಮಾನಸೋಲ್ಲಾಸದಲ್ಲಿ ಊಟಕ್ಕೇ ಒಂದು ಭಾಗವಿದೆ. ಅದರಲ್ಲಿ ಇಡ್ಡರಿಕಾ, ದೋಸಕ, ಪೋಲಿಕಾ, ಮಂಡಕ ಎಲ್ಲಾ ಬರುತ್ತವೆ. ಹೆಸರು ಕೇಳಿದರೇ ಇಡ್ಲಿ, ದೋಸೆ, ಹೋಳಿಗೆ, ಮಂಡಿಗೆ ನೆನಪಾಗುತ್ತವೆ ಅಲ್ವಾ? ಹದಿನಾರನೆಯ ಶತಮಾನದ ಮೊದಲಲ್ಲಿ ಮೂರನೆಯ ಮಂಗರಸ ಅಡುಗೆಯ ಬಗ್ಗೆಯೇ ಸೂಪಶಾಸ್ತ್ರ ಅನ್ನುವ ಕನ್ನಡ ಪದ್ಯಕಾವ್ಯ ಬರೆದ. ಮೆಣಸಿನಕಾಯಿ ಆಗಷ್ಟೇ ಕರಾವಳಿಯಲ್ಲಿ ಇಳಿಯುತ್ತಿದ್ದ ಹೊತ್ತು ಅದು.

ಹಬ್ಬ ಮತ್ತು ತಿಥಿಗೆ ಯಾಕೆ ಈ ವ್ಯತ್ಯಾಸ? ನನಗನ್ನಿಸಿದ್ದು ಇಷ್ಟು. ಹಬ್ಬದ ಊಟ ಬದುಕಿರುವವರಿಗೆ. ಮಕ್ಕಳಿಗೆ ಏನಿಷ್ಟ, ಬಂದ ಅಳಿಯನಿಗೆ ಏನಿಷ್ಟ, ಮಾರ್ಕೆಟ್ಟಿಗೆ ಏನು ಹೊಸದು ಬಂದಿದೆ ಎಲ್ಲಾ ಅದರಲ್ಲಿ ಸೇರಿಕೊಳ್ಳುತ್ತದೆ. ತಿಥಿಯ ಊಟ ಹೋದವರಿಗೆ. ಅವರು ಉಂಡದ್ದನ್ನೇ ಬಡಿಸಬೇಕು, ಅವರು ಕಾಣದ ತರಕಾರಿ ಅವರ ಎಲೆಗೆ ಬರಬಾರದು. ಅವರೂ ತಮ್ಮ ಹಿರಿಯರಿಗೆ ಹಾಗೇ ಬಡಿಸಿದ್ದರು. ಹೀಗೆ ಒಬ್ಬರ ಹಿಂದೆ ಒಬ್ಬರನ್ನು ಹಿಡಿದು ಹೊರಟರೆ ಮೆಣಸಿನಕಾಯಿಯ ಆಚೆಗೆ ಹೋಗಿ ನಿಲ್ಲುತ್ತೇವೆ.

ಹಾಗಂತ ತಿಥಿಯ ಎಲೆ ಬದಲಾಗೇ ಇಲ್ಲ ಅಂತಲೂ ಅಲ್ಲ. ಮನುಸ್ಮೃತಿಯ ಮೂರನೆಯ ಅಧ್ಯಾಯದಲ್ಲಿ ಶ್ರಾದ್ಧಕ್ಕೆ ಎಳ್ಳು, ಭತ್ತ, ಜವೆ, ಉದ್ದು, ಗೆಡ್ಡೆ, ಹಣ್ಣು ಅಂತ ಪಟ್ಟಿಯಿದೆ. ನಮ್ಮ ಎಳ್ಳುಂಡೆ, ಉದ್ದಿನ ವಡೆ ಅಲ್ಲೇ ಕಾಣುತ್ತವೆ. ಆದರೆ ಅದರ ಮುಂದಿನ ಶ್ಲೋಕಗಳಲ್ಲೇ ಮೀನು, ಜಿಂಕೆ ಮಾಂಸದ ಮಾತೂ ಇದೆ. ಅದನ್ನು ನಮ್ಮಂಥ ಮನೆಗಳು ಯಾವತ್ತೋ ಬಿಟ್ಟವು. (ಹಳೇ ಮೈಸೂರಿನ ಬಹಳಷ್ಟು ಮನೆಗಳಲ್ಲಿ ಯುಗಾದಿಯ ಮರುದಿನದ ಹೊಸತೊಡಕಿಗೆ ಮಾಂಸದ ಅಡುಗೆಯೇ ಆಗಬೇಕು. "ಸಂಪ್ರದಾಯ" ಅನ್ನುವ ಪದ ಪ್ರತಿ ಮನೆಯಲ್ಲೂ ಬೇರೆ ಬೇರೆ.) ಇನ್ನು ಅಜ್ಜಿಯ ತಿಥಿ ಪಟ್ಟಿಯಲ್ಲಿ ಗೆಣಸು ಇದೆಯಲ್ಲ, ಆ ಸಿಹಿಗೆಣಸು ಕೂಡ ಅಮೆರಿಕದ್ದೇ! ಮಣ್ಣಿನೊಳಗೆ ಬೆಳೆಯುವ ಹಳೇ ಗೆಡ್ಡೆಗಳ ನಡುವೆ ನುಸುಳಿಕೊಂಡು, ಯಾರ ಕಣ್ಣಿಗೂ ಬೀಳದೆ ಪಿತೃಗಳ ಎಲೆಯವರೆಗೂ ಬಂದುಬಿಟ್ಟಿದೆ.

*

ಇಷ್ಟೆಲ್ಲ ಸಿಕ್ಕಿದ ಮೇಲೆ ದೊಡ್ಡಮ್ಮನ ಹತ್ತಿರ ವಾದ ಗೆದ್ದೇಬಿಟ್ಟೆ ಅಂದುಕೊಂಡು ಹೋದೆ. ಹಬ್ಬಕ್ಕೆ ಎರಡು ದಿನ ಮುಂಚೆ, ಅವರು ಶಾವಿಗೆ ಹುರಿಯುತ್ತಿದ್ದರು. ಎಲ್ಲಾ ಹೇಳಿದೆ. ಬಸವನಗುಡಿಯ ದೊಡ್ಡ ಬಸವಣ್ಣನಿಗೇ ಕಾರ್ತಿಕ ಸೋಮವಾರ ಪರಿಷೆಯಲ್ಲಿ ಕಡಲೆಕಾಯಿ ಒಪ್ಪಿಸುತ್ತಾರೆ, ನಮ್ಮ ಎಲೆಗೆ ಬಂದರೆ ಏನಂತೆ ಅಂತಲೂ ಕೇಳಿದೆ.

ದೊಡ್ಡಮ್ಮ ಬಾಣಲೆಯಿಂದ ಕಣ್ಣು ತೆಗೆಯಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಹೇಳಿದರು: "ಅಮೆರಿಕದ್ದೋ ಯಾವುದೋ ನಂಗೊತ್ತಿಲ್ಲಪ್ಪ. ಹೋದ ವರ್ಷದ ಹಿಂದಿನ ಯುಗಾದಿಗೆ ಅತ್ತೆ ಇದ್ರು. ಇದೇ ಅಡುಗೆ ಮಾಡಿದ್ವಿ. ಈ ಸಲವೂ ಅದೇ ಮಾಡಿದ್ರೆ ಇದ್ದಾರೆ ಅನ್ನಿಸುತ್ತೆ. ಅಷ್ಟೇ."

ನನ್ನ ಕಾಲಂನಲ್ಲಿ ಇದಕ್ಕೆ ಉತ್ತರ ಇರಲಿಲ್ಲ. ವಾದ ಮಾಡಲು ಬಂದದ್ದಕ್ಕೆ ನಾಚಿಕೆಯಾಯಿತು. ಶಾವಿಗೆ ತಟ್ಟೆಗೆ ಸುರಿದುಕೊಂಡು ಅವರೇ ಮುಂದುವರಿಸಿದರು: "ನಾನು ಸೊಸೆಯಾಗಿ ಬಂದಾಗ ಹಬ್ಬಕ್ಕೆ ಗೋರಿಕಾಯಿ ಪಲ್ಯವೇ ಇತ್ತು. ಅತ್ತೆಯ ಅತ್ತೆ ಹುರುಳಿಕಾಯಿನ ಮಡಿ ಅಡುಗೆಗೆ ಸೇರಿಸ್ತಿರಲಿಲ್ಲವಂತೆ, ಸೀಮೆ ತರಕಾರಿ ಅಂತ. ನಿಮ್ಮ ದೊಡ್ಡಪ್ಪನಿಗೆ ಗೋರಿಕಾಯಿ ಸೇರಲ್ಲ ಅಂತ ನಿಮ್ಮಜ್ಜಿ ಆಮೇಲೆ ಹುರುಳಿಕಾಯಿ ಮಾಡಕ್ಕೆ ಶುರು ಮಾಡಿದ್ದು." ಮನೆಗೆ ಬಂದು ನೋಟ್‌ಬುಕ್ ನೋಡಿದೆ. ಎಡಗಡೆ ಪುಟದಲ್ಲಿ "ಹುರುಳಿಕಾಯಿ" ಅನ್ನುವ ಪದದ ಕೆಳಗೆ ಏನನ್ನೋ ಹೊಡೆದುಹಾಕಿದ ಗುರುತಿತ್ತು. ಇಷ್ಟು ದಿನ ಇಂಕಿನ ಕಲೆ ಅಂದುಕೊಂಡಿದ್ದೆ.

ಯುಗಾದಿಯ ಹಿಂದಿನ ರಾತ್ರಿ ದೊಡ್ಡಮ್ಮನ ಫೋನು. ನನಗಲ್ಲ, ನನ್ನ ಹೆಂಡತಿಗೆ. "ಕಡಲೆಕಾಯಿ ಹುರಿದು ಸಿಪ್ಪೆ ತೆಗೆದಿಟ್ಟಿರಮ್ಮ, ಬೆಳಿಗ್ಗೆ ಬೇಗ ಬರ್ತೀನಿ. ಒಬ್ಬಟ್ಟು ಮಾತ್ರ ಮೊದಲು ಆಗಬೇಕು."

ಹೂರಣ ಸ್ವಲ್ಪ ನೀರಾಗಿ ನಾನು ತಟ್ಟಿದ ಒಬ್ಬಟ್ಟೆಲ್ಲ ಹರಿದವು, ಅದು ಬೇರೆ ಮಾತು. ಪಾವಿನಿಂದ ಗ್ರಾಂಗೆ ಇಳಿಸಿದ ಲೆಕ್ಕ ಸರಿಯಾಗಿತ್ತು, ಬೇಳೆ ಎಷ್ಟು ಬಸಿಯಬೇಕು ಅನ್ನುವುದು ಪಟ್ಟಿಯಲ್ಲಿ ಇರಲಿಲ್ಲ. ಶೇಂಗಾ ಹೋಳಿಗೆ ಹರಿಯಲಿಲ್ಲ. ದೊಡ್ಡಪ್ಪ ಮೂರು ತಿಂದರು. ಊಟವಾದ ಮೇಲೆ ದೊಡ್ಡಮ್ಮ ನೋಟ್‌ಬುಕ್ ತರಿಸಿ ಎಡಗಡೆ ಪುಟದ ಕೊನೆಗೆ ಇವಳ ಕೈಯಲ್ಲೇ ಬರೆಸಿದರು. ಬಲಗಡೆ ಪುಟವನ್ನು ಯಾರೂ ಮುಟ್ಟಲಿಲ್ಲ.

ನಿಮ್ಮ ಮನೆಯಲ್ಲೂ ಇಂಥ ಪಟ್ಟಿ ಇದ್ದರೆ ಒಮ್ಮೆ ತೆಗೆದು ನೋಡಿ. ಅದರಲ್ಲಿ ಏನಾದರೂ ಹೊಡೆದುಹಾಕಿದ್ದರೆ ಯಾಕೆ ಅಂತ, ಹೇಳುವವರು ಇರುವಾಗಲೇ ಕೇಳಿಟ್ಟುಕೊಳ್ಳಿ.